ಮೆಲ್ಲಗೆ ಬಂದು ಮೇಲ್ಮೈ ನೋಡುವ ಎಲೆಕ್ಟ್ರಾನು



ತಾಮ್ರದ ಪಾತ್ರೆಗೆ ಕಲಾಯಿ ಹಾಕುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನೋಡದವರು ಮನೆಯ ಹಿರಿಯರಿಂದ ಕೇಳಿರಬಹುದು. ಪಾತ್ರೆಯನ್ನು ಚೆನ್ನಾಗಿ ಕಾಯಿಸಿ, ಅದರ ಮೇಲೆ ನವಸಾಗರ ಉದುರಿಸಿ, ಒಂದು ಚೂರು ತವರವನ್ನು ಮುಟ್ಟಿಸಿ ಹತ್ತಿಯಿಂದ ಉಜ್ಜಿದರೆ ನೋಡನೋಡುತ್ತಿದ್ದಂತೆ ಒಳಮೈಯೆಲ್ಲ ಬೆಳ್ಳಿಯಂತೆ ಹೊಳೆಯತೊಡಗುತ್ತದೆ. ಪಾತ್ರೆಯಲ್ಲಿರುವ ತಾಮ್ರ ಎರಡು ಮೂರು ಕಿಲೋ. ತವರವೋ ಒಂದು ಚಿಟಿಕೆ. ಆದರೂ ಹುಳಿ ಹಾಕಿದ ಸಾರು ಆ ಪಾತ್ರೆಯಲ್ಲಿ ಕೆಡದೆ ಉಳಿಯುವುದು ಆ ಚಿಟಿಕೆ ತವರದಿಂದಲೇ. ಕಲಾಯಿ ಹೋದ ಪಾತ್ರೆಯಲ್ಲಿ ಹುಣಸೆಹುಳಿ ಇಟ್ಟರೆ ಕಿಲುಬು ಎದ್ದು ಊಟ ವಿಷವಾಗುತ್ತದೆ ಎಂಬುದನ್ನು ನಮ್ಮ ಅಜ್ಜಿಯರು ಚೆನ್ನಾಗಿ ಬಲ್ಲರು.

ಅಂದರೆ ಪಾತ್ರೆಯ ನಡತೆಯನ್ನು ತೀರ್ಮಾನಿಸುವುದು ಅದರ ಒಡಲಲ್ಲ, ಅದರ ಮೇಲ್ಮೈ. ಇದು ಪಾತ್ರೆಗೆ ಮಾತ್ರ ಸಲ್ಲುವ ಮಾತಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಮೇಲ್ಮೈಯಿಂದ. ರಾಸಾಯನಿಕ ಕಾರ್ಖಾನೆಯಲ್ಲಿ ವೇಗವರ್ಧಕಗಳು ಕೆಲಸ ಮಾಡುವುದು ಮೇಲ್ಮೈಯಲ್ಲಿ. ಕಂಪ್ಯೂಟರಿನ ಚಿಪ್ಪುಗಳಲ್ಲಿ ಒಂದರ ಮೇಲೊಂದು ಪದರ ಬೆಳೆಯುವುದೂ ಸಿಲಿಕಾನಿನ ಮೇಲ್ಮೈಯ ಮೇಲೆಯೇ. ಇಷ್ಟೆಲ್ಲ ಕೆಲಸ ಮಾಡುವ ಪರಮಾಣುಗಳ ಸಂಖ್ಯೆ ಎಷ್ಟು ಗೊತ್ತೇ? ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರವಿರುವ ಲೋಹದ ತುಂಡೊಂದನ್ನು ತೆಗೆದುಕೊಳ್ಳಿ. ಅದರ ಒಂದು ಅಂಚಿನ ಉದ್ದಕ್ಕೆ ಸುಮಾರು ನಾಲ್ಕು ಕೋಟಿ ಪರಮಾಣುಗಳು ಸಾಲಾಗಿ ನಿಂತಿರುತ್ತವೆ. ಲೆಕ್ಕ ಹಾಕಿದರೆ, ಹೊರಮೈಯಲ್ಲಿ ಇರುವುದು ಕೋಟಿ ಪರಮಾಣುಗಳಿಗೆ ಒಂದೋ ಎರಡೋ ಮಾತ್ರ! ಉಳಿದವೆಲ್ಲ ಒಳಗೇ ಕುಳಿತಿರುತ್ತವೆ.

ಕೋಟಿಗೆ ಒಂದೆರಡರಂತೆ ಇರುವ ಈ ಪರಮಾಣುಗಳನ್ನು ಮಾತ್ರ ಆರಿಸಿ ನೋಡುವುದು ಹೇಗೆ? ಒಳಗಿನ ಕೋಟಿಗಟ್ಟಲೆ ಪರಮಾಣುಗಳ ಗದ್ದಲದಲ್ಲಿ ಇವುಗಳ ದನಿಯನ್ನು ಕೇಳುವುದು ಹೇಗೆ? ಅದಕ್ಕೆಂದೇ ರೂಪುಗೊಂಡ ಉಪಕರಣವೊಂದರ ಪರಿಚಯವೇ ಈ ಹೊತ್ತಿನ ಭಾಷಣದ ವಿಷಯ. ಅದರ ಹೆಸರು ಅಲ್ಪಶಕ್ತಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ವಿಜ್ಞಾನಿಗಳು ಚಿಕ್ಕದಾಗಿ 'ಲೀಮ್' ಎಂದು ಕರೆಯುತ್ತಾರೆ.

ಬೆಳಕು ಸೋತ ಕಡೆ

ನಿಮ್ಮ ಶಾಲೆಯ ಪ್ರಯೋಗಾಲಯದ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆಯ ಕೋಶಗಳನ್ನು ನೋಡಿದ್ದೀರಿ. ಅಲ್ಲಿ ಕೆಲಸ ಮಾಡುವುದು ಬೆಳಕು. ಬೆಳಕು ಒಂದು ತರಂಗ; ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ ಸುಮಾರು 400ರಿಂದ 700 ನ್ಯಾನೋಮೀಟರ್. ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ತರಂಗದೂರದ ಅರ್ಧಕ್ಕಿಂತ ಸಣ್ಣ ವಿವರಗಳು ಬೇರೆ ಬೇರೆಯಾಗಿ ಕಾಣುವುದಿಲ್ಲ, ಕಲಸಿಹೋಗುತ್ತವೆ. ಪರಮಾಣುವಿನ ಅಗಲ ಕಾಲು ನ್ಯಾನೋಮೀಟರಿನ ಆಸುಪಾಸು. ತೂಬಿನ ಗಾತ್ರದ ಬೆರಳಿನಿಂದ ಸೂಜಿಯ ಕಣ್ಣನ್ನು ತಡಕಿದಂತೆ ಆಗುತ್ತದೆ ಬೆಳಕಿನ ಪಾಡು.

1924ರಲ್ಲಿ ಫ್ರಾನ್ಸಿನ ಲೂಯಿ ಡಿ ಬ್ರಾಯ್ ಎಲೆಕ್ಟ್ರಾನಿನಂಥ ಕಣಕ್ಕೂ ತರಂಗದ ಗುಣವಿದೆ ಎಂದು ಸೂಚಿಸಿದರು. ಎಲೆಕ್ಟ್ರಾನಿನ ವೇಗ ಹೆಚ್ಚಿದಷ್ಟೂ ಅದರ ತರಂಗದೂರ ಕಡಿಮೆಯಾಗುತ್ತದೆ. 1931ರಲ್ಲಿ ಬರ್ಲಿನ್ನಿನಲ್ಲಿ ಅರ್ನ್ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನೋಲ್ ಎಂಬ ಇಂಜಿನಿಯರುಗಳು ಗಾಜಿನ ಮಸೂರಗಳ ಬದಲು ವಿದ್ಯುತ್ ಸುರುಳಿಗಳ ಕಾಂತಕ್ಷೇತ್ರವನ್ನೇ ಮಸೂರವನ್ನಾಗಿ ಮಾಡಿ ಮೊದಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಕಟ್ಟಿದರು. ರುಸ್ಕಾ ಅವರಿಗೆ ಇದಕ್ಕಾಗಿ ನೊಬೆಲ್ ಪ್ರಶಸ್ತಿ ಬಂದಿದ್ದು 1986ರಲ್ಲಿ, ಅಂದರೆ ಐವತ್ತೈದು ವರ್ಷಗಳ ನಂತರ.

ಅಲ್ಲಿಂದ ಮುಂದೆ ಎಲ್ಲರ ಗಮನ ಹರಿದದ್ದು ವೇಗದ ಕಡೆಗೆ. ಒಂದು ಲಕ್ಷ ವೋಲ್ಟು, ಎರಡು ಲಕ್ಷ ವೋಲ್ಟು, ಅದಕ್ಕೂ ಹೆಚ್ಚು. ಇಂಥ ಎಲೆಕ್ಟ್ರಾನುಗಳು ತೆಳ್ಳಗೆ ಸವೆಸಿದ ವಸ್ತುವನ್ನು ತೂರಿಕೊಂಡು ಆಚೆ ಬರುತ್ತವೆ. ಒಳಗಿನ ಪರಮಾಣು ಸಾಲುಗಳ ಚಿತ್ರವನ್ನು ಹೊತ್ತು ತರುತ್ತವೆ. ಇದು ಅದ್ಭುತವಾದ ಸಾಧನೆಯೇ ಸರಿ. ಆದರೆ ಯೋಚಿಸಿ ನೋಡಿ: ಹೀಗೆ ತೂರಿಕೊಂಡು ಹೋಗುವ ಎಲೆಕ್ಟ್ರಾನಿಗೆ ಮೇಲಿನ ಒಂದು ಪದರದ ಸುದ್ದಿ ಎಷ್ಟರಮಟ್ಟಿಗೆ ತಿಳಿದೀತು? ಎಕ್ಸ್‌ಪ್ರೆಸ್ ರೈಲಿನಲ್ಲಿ ಕುಳಿತವನಿಗೆ ಹೊಸ್ತಿಲ ಮುಂದಿನ ರಂಗೋಲಿ ಕಾಣುವುದಿಲ್ಲ. ರಂಗೋಲಿ ನೋಡಬೇಕಾದರೆ ಬೀದಿಯಲ್ಲಿ ನಡೆದೇ ಹೋಗಬೇಕು.

ನಡೆದು ಹೋಗುವ ಎಲೆಕ್ಟ್ರಾನು

'ನಡೆದು ಹೋಗುವ' ಎಲೆಕ್ಟ್ರಾನು ಎಂದರೆ ಒಂದರಿಂದ ನೂರು ವೋಲ್ಟುಗಳಷ್ಟು ಮಾತ್ರ ಶಕ್ತಿಯುಳ್ಳದ್ದು. ನಿಧಾನ ಎಂದಾಕ್ಷಣ ಆಮೆಯ ನಡಿಗೆ ಎಂದುಕೊಳ್ಳಬೇಡಿ. ಕೇವಲ 4 ವೋಲ್ಟಿನ ಎಲೆಕ್ಟ್ರಾನು ಸೆಕೆಂಡಿಗೆ ಸುಮಾರು 1,200 ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ದೆಹಲಿಗೆ ಎರಡು ಸೆಕೆಂಡೂ ಬೇಡ. ಆದರೆ 20,000 ವೋಲ್ಟಿನ ಎಲೆಕ್ಟ್ರಾನು ಸೆಕೆಂಡಿಗೆ ಸುಮಾರು 80,000 ಕಿಲೋಮೀಟರ್ ಓಡುತ್ತದೆ. ಅದರ ಮುಂದೆ ಇದು ನಿಧಾನವೇ.

ಈ ನಿಧಾನದ ಎಲೆಕ್ಟ್ರಾನು ವಸ್ತುವಿನೊಳಗೆ ಹೆಚ್ಚು ದೂರ ಹೋಗಲಾರದು. ಐವತ್ತರಿಂದ ನೂರು ವೋಲ್ಟಿನ ಆಸುಪಾಸಿನಲ್ಲಿ ಅರ್ಧ ನ್ಯಾನೋಮೀಟರಿನಷ್ಟು, ಅಂದರೆ ಎರಡು ಮೂರು ಪರಮಾಣು ಪದರಗಳಷ್ಟು ಹೋಗುವುದರೊಳಗೆ ಒಳಗಿನ ಎಲೆಕ್ಟ್ರಾನುಗಳಿಗೆ ತನ್ನ ಶಕ್ತಿಯನ್ನು ಕಳೆದುಕೊಂಡುಬಿಡುತ್ತದೆ. ಶಕ್ತಿಯನ್ನು ಕಳೆದುಕೊಳ್ಳದೆ ಮರಳಿ ಬಂದ ಎಲೆಕ್ಟ್ರಾನು ಯಾವುದೇ ಇರಲಿ, ಅದು ಮೇಲಿನ ಕೆಲವೇ ಪದರಗಳನ್ನು ಮುಟ್ಟಿ ಬಂದದ್ದು ಎಂದೇ ಅರ್ಥ. ಆಳಕ್ಕೆ ಇಳಿಯಲಾರದ ಅದರ ದೌರ್ಬಲ್ಯವೇ ಇಲ್ಲಿ ಅದರ ಬಲ.

ಇಂಥ ಎಲೆಕ್ಟ್ರಾನಿನ ತರಂಗದೂರವನ್ನು ನೀವೇ ಲೆಕ್ಕ ಹಾಕಬಹುದು. 150ನ್ನು ವೋಲ್ಟುಗಳಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಉತ್ತರ ಆಂಗ್‌ಸ್ಟ್ರಾಂಗಳಲ್ಲಿ ಬರುತ್ತದೆ. ಹತ್ತು ಆಂಗ್‌ಸ್ಟ್ರಾಂ ಸೇರಿದರೆ ಒಂದು ನ್ಯಾನೋಮೀಟರ್. 54 ವೋಲ್ಟಿಗೆ ಉತ್ತರ 1.67 ಆಂಗ್‌ಸ್ಟ್ರಾಂ. ಪರಮಾಣುಗಳ ನಡುವಿನ ಅಂತರಕ್ಕೆ ಇದು ಹೆಚ್ಚುಕಡಿಮೆ ಹೊಂದುತ್ತದೆ. ಹಾಗಾಗಿ ಕ್ರಮವಾಗಿ ಜೋಡಿಸಿದ ಪರಮಾಣುಗಳು ಈ ತರಂಗವನ್ನು ನಿಶ್ಚಿತ ದಿಕ್ಕುಗಳಿಗೆ ಚದುರಿಸುತ್ತವೆ. ಇದಕ್ಕೆ ವಿವರ್ತನೆ ಎನ್ನುತ್ತೇವೆ.

54 ಎಂಬ ಸಂಖ್ಯೆಯನ್ನು ಸುಮ್ಮನೆ ತೆಗೆದುಕೊಳ್ಳಲಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕ್ಲಿಂಟನ್ ಡೇವಿಸನ್ ಮತ್ತು ಲೆಸ್ಟರ್ ಜರ್ಮರ್ ನಿಕಲ್ ಲೋಹದ ಮೇಲೆ ನಿಧಾನದ ಎಲೆಕ್ಟ್ರಾನುಗಳನ್ನು ಹಾಯಿಸುತ್ತಿದ್ದರು. 1925ರಲ್ಲಿ ದ್ರವ ವಾಯುವಿನ ಸೀಸೆಯೊಂದು ಸಿಡಿದು ಅವರ ನಿರ್ವಾತ ಕೊಳವೆ ಒಡೆಯಿತು. ಕಾದಿದ್ದ ನಿಕಲ್ಲಿಗೆ ಗಾಳಿ ತಾಗಿ ಆಕ್ಸೈಡಿನ ಮಸಿ ಹಿಡಿಯಿತು. ಅದನ್ನು ತೆಗೆಯಲು ಬಹಳ ಹೊತ್ತು ಕಾಯಿಸಿದರು. ಕಾಯಿಸಿದಾಗ ಲೋಹದಲ್ಲಿದ್ದ ಸಣ್ಣ ಸಣ್ಣ ಹರಳುಗಳು ಕೂಡಿ ಕೆಲವೇ ದೊಡ್ಡ ಹರಳುಗಳಾದವು. ಮತ್ತೆ ಪ್ರಯೋಗ ಮಾಡಿದರೆ ಫಲಿತಾಂಶವೇ ಬೇರೆ! 1927ರಲ್ಲಿ ಒಂದೇ ಹರಳಿನ ನಿಕಲ್ಲನ್ನು ಇಟ್ಟು ನೋಡಿದಾಗ, 54 ವೋಲ್ಟಿನ ಎಲೆಕ್ಟ್ರಾನುಗಳು 50 ಡಿಗ್ರಿ ಕೋನದಲ್ಲಿ ಗುಂಪಾಗಿ ಹೊರಬಂದವು. ಎಲೆಕ್ಟ್ರಾನು ತರಂಗ ಎಂಬುದು ಸಿದ್ಧವಾಯಿತು. 1937ರಲ್ಲಿ ಡೇವಿಸನ್ನರಿಗೆ ಜಿ. ಪಿ. ಥಾಮ್ಸನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಬಂತು. ಸೀಸೆ ಒಡೆದದ್ದು ಆಕಸ್ಮಿಕ. ಆದರೆ ಒಡೆದ ಮೇಲೆ ಬಂದ ಬದಲಾವಣೆಯನ್ನು ಕಸವೆಂದು ಎಸೆಯದೆ ಬೆನ್ನು ಹತ್ತಿದ್ದು ಆಕಸ್ಮಿಕವಲ್ಲ.

ಚುಕ್ಕಿಯಿಂದ ಚಿತ್ರಕ್ಕೆ ಇಪ್ಪತ್ಮೂರು ವರ್ಷ

ವಿವರ್ತನೆ ಕೊಡುವುದು ಚುಕ್ಕಿಗಳ ವಿನ್ಯಾಸವನ್ನು. ಅದನ್ನು ಓದಿ ಮೇಲ್ಮೈಯ ಪರಮಾಣುಗಳು ಯಾವ ಕ್ರಮದಲ್ಲಿವೆ ಎಂದು ಹೇಳಬಹುದು. ಆದರೆ ಆ ಕ್ರಮ ಮೇಲ್ಮೈಯ ಯಾವ ಮೂಲೆಯಲ್ಲಿದೆ ಎಂದು ಹೇಳಲಾಗದು. ಊರಿನ ಜನಗಣತಿಯಲ್ಲಿ ಇಷ್ಟು ಹೆಂಚಿನ ಮನೆ, ಇಷ್ಟು ತಾರಸಿ ಮನೆ ಎಂದು ಗೊತ್ತಾಗುತ್ತದೆಯೇ ಹೊರತು ಯಾವ ಬೀದಿಯಲ್ಲಿ ಯಾವುದು ಎಂಬುದು ತಿಳಿಯುವುದಿಲ್ಲವಲ್ಲ, ಹಾಗೆ. ನಮಗೆ ಬೇಕಾದದ್ದು ಊರಿನ ನಕ್ಷೆ.

ಮರಳಿ ಬಂದ ನಿಧಾನದ ಎಲೆಕ್ಟ್ರಾನುಗಳನ್ನೇ ಮಸೂರದಿಂದ ಕೂಡಿಸಿ ಮೇಲ್ಮೈಯ ಚಿತ್ರವನ್ನು ಏಕೆ ಮೂಡಿಸಬಾರದು ಎಂದು 1962ರಲ್ಲಿ ಕೇಳಿದವರು ಅರ್ನ್ಸ್ಟ್ ಬಾವರ್. ಜರ್ಮನಿಯಿಂದ ಬಂದು ಆಗ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಭೌತವಿಜ್ಞಾನಿ. ಪ್ರಶ್ನೆ ಸರಳ, ಉತ್ತರ ಕಠಿಣ. ನಿಧಾನದ ಎಲೆಕ್ಟ್ರಾನು ಬಹಳ ಸೂಕ್ಷ್ಮ ಪ್ರಕೃತಿಯದು. ಭೂಮಿಯ ಕಾಂತಕ್ಷೇತ್ರ, ಪಕ್ಕದ ತಂತಿಯಲ್ಲಿ ಹರಿಯುವ ವಿದ್ಯುತ್ತು, ಎಲ್ಲವೂ ಅದನ್ನು ದಾರಿ ತಪ್ಪಿಸುತ್ತವೆ. ಮಸೂರಗಳ ದೋಷಗಳೂ ಅದಕ್ಕೆ ಹೆಚ್ಚಾಗಿ ತಟ್ಟುತ್ತವೆ. ಸಾಲದ್ದಕ್ಕೆ ಮಾದರಿಯ ಮೇಲೆ ಧೂಳಿರಲಿ, ಗಾಳಿಯ ಒಂದು ಪದರವೂ ಕೂರುವಂತಿಲ್ಲ. ಆಗಿನ ನಿರ್ವಾತ ತಂತ್ರ ಅದಕ್ಕೆ ಸಾಲುತ್ತಿರಲಿಲ್ಲ.

ಬಾವರ್ ಮುಂದೆ ಜರ್ಮನಿಯ ಕ್ಲೌಸ್ಟಾಲ್ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ವುಲ್ಫ್‌ಗಾಂಗ್ ಟೆಲೀಪ್ಸ್ ಅವರೊಂದಿಗೆ ದುಡಿದು ಉಪಕರಣವನ್ನು ಪೂರ್ತಿಗೊಳಿಸಿ ಚಿತ್ರಗಳೊಡನೆ ಲೋಕದ ಮುಂದಿಟ್ಟದ್ದು 1985ರಲ್ಲಿ. ಪ್ರಶ್ನೆಗೂ ಚಿತ್ರಕ್ಕೂ ನಡುವೆ ಇಪ್ಪತ್ಮೂರು ವರ್ಷ! ಇವತ್ತು ಆರಂಭಿಸಿದ ಯೋಜನೆಗೆ ನಾಳೆ ಫಲ ಕೇಳುವ ಕಾಲ ನಮ್ಮದು. ಇಪ್ಪತ್ಮೂರು ವರ್ಷ ಒಂದು ಪ್ರಶ್ನೆಯನ್ನು ಕೈಬಿಡದೆ ಹಿಡಿದುಕೊಂಡಿರುವುದು ಎಂದರೇನು ಎಂಬುದನ್ನು ಒಂದು ಗಳಿಗೆ ಯೋಚಿಸಬೇಕು.

ಓಡಿ ಬಂದು ಬಾಗಿಲಲ್ಲಿ ನಿಲ್ಲುವ ಉಪಾಯ

ಉಪಕರಣ ಕೆಲಸ ಮಾಡುವ ಬಗೆ ಸ್ವಾರಸ್ಯವಾಗಿದೆ. ನಿಧಾನದ ಎಲೆಕ್ಟ್ರಾನು ದಾರಿ ತಪ್ಪುತ್ತದೆ ಎಂದೆವಲ್ಲ? ಹಾಗಾದರೆ ದಾರಿಯುದ್ದಕ್ಕೂ ಅದನ್ನು ವೇಗವಾಗಿಯೇ ಓಡಿಸೋಣ. ಮಾದರಿಯ ಬಾಗಿಲಿಗೆ ಬಂದಾಗ ಮಾತ್ರ ನಿಧಾನ ಮಾಡೋಣ. ಇದೇ ಆ ಉಪಾಯ.

ಹಳೆಯ ಪೆಟ್ಟಿಗೆಯಂಥ ಟಿ.ವಿ. ನಿಮ್ಮಲ್ಲಿ ಕೆಲವರ ಮನೆಯ ಅಟ್ಟದ ಮೇಲೆ ಈಗಲೂ ಇದ್ದೀತು. ಅದರ ಗಾಜಿನ ಕೊಳವೆಯ ಹಿಂಬದಿಯಲ್ಲಿ ಎಲೆಕ್ಟ್ರಾನ್ ಗನ್ ಇರುತ್ತಿತ್ತು. ಇಪ್ಪತ್ತು ಸಾವಿರ ವೋಲ್ಟುಗಳ ಸುಮಾರಿನಲ್ಲಿ ಎಲೆಕ್ಟ್ರಾನುಗಳು ಓಡಿ ಬಂದು ಪರದೆಗೆ ಬಡಿದು ಬೆಳಕು ಹುಟ್ಟಿಸುತ್ತಿದ್ದವು. ಸುತ್ತಲಿನ ಸುರುಳಿಗಳ ಕಾಂತಕ್ಷೇತ್ರ ಅವುಗಳನ್ನು ಬೇಕಾದ ಕಡೆ ಬಾಗಿಸುತ್ತಿತ್ತು. ಲೀಮ್ ಉಪಕರಣದಲ್ಲಿಯೂ ಗನ್ನು, ಸುಮಾರು 20,000 ವೋಲ್ಟು, ಕಾಂತ ಸುರುಳಿಗಳು, ಕೊನೆಗೆ ಹೊಳೆಯುವ ಪರದೆ, ಎಲ್ಲವೂ ಉಂಟು. ವ್ಯತ್ಯಾಸ ಇರುವುದು ನಡುವಿನ ದಾರಿಯಲ್ಲಿ.

ಗನ್ನನ್ನು ಋಣ 20,000 ವೋಲ್ಟಿನಲ್ಲಿ ಇಟ್ಟಿದ್ದೇವೆ ಎನ್ನಿ. ಎಲೆಕ್ಟ್ರಾನು ಅಲ್ಲಿಂದ ಹೊರಟು 20,000 ವೋಲ್ಟಿನ ವೇಗ ಪಡೆದು ಮಸೂರಗಳನ್ನು ದಾಟಿ ಬರುತ್ತದೆ. ಮಾದರಿಯನ್ನು ಋಣ 19,990 ವೋಲ್ಟಿನಲ್ಲಿ ಇಡುತ್ತಾರೆ. ಎದುರಿನ ಮಸೂರಕ್ಕೂ ಮಾದರಿಗೂ ನಡುವಿನ ಅಂತರ ಎರಡು ಮೂರು ಮಿಲಿಮೀಟರ್. ಆ ಇಕ್ಕಟ್ಟಿನ ಜಾಗದಲ್ಲಿ ಎಲೆಕ್ಟ್ರಾನು ಒಂದು ಕಡಿದಾದ ಘಾಟಿ ಹತ್ತಿದಂತೆ ಹತ್ತಬೇಕಾಗುತ್ತದೆ. ಹತ್ತುತ್ತ ಹತ್ತುತ್ತ 19,990 ವೋಲ್ಟನ್ನು ಕಳೆದುಕೊಂಡು, ಕೈಯಲ್ಲಿ ಉಳಿದ ಹತ್ತೇ ವೋಲ್ಟಿನೊಂದಿಗೆ ಮಾದರಿಯನ್ನು ಮೆಲ್ಲಗೆ ಮುಟ್ಟುತ್ತದೆ. ಮುಟ್ಟಿ ಹಿಂತಿರುಗಿದಾಗ ಅದೇ ಘಾಟಿಯನ್ನು ಇಳಿಯುತ್ತದೆ. ಕಳೆದುಕೊಂಡ ವೇಗವೆಲ್ಲ ಮರಳಿ ಬರುತ್ತದೆ. ಹೋಗುವ ಎಲೆಕ್ಟ್ರಾನುಗಳೂ ಬರುವ ಎಲೆಕ್ಟ್ರಾನುಗಳೂ ಒಂದೇ ದಾರಿಯಲ್ಲಿ ಡಿಕ್ಕಿಯಾಗದಂತೆ ಕಾಂತಕ್ಷೇತ್ರದ ಪಟ್ಟಕವೊಂದು ಕೂಡುರಸ್ತೆಯ ಪೊಲೀಸಿನವನಂತೆ ನಿಂತು, ಬರುವವನ್ನು ಬೇರೆ ಕಡೆಗೆ ತಿರುಗಿಸಿ ಪರದೆಯತ್ತ ಕಳುಹಿಸುತ್ತದೆ.

ಮಾದರಿಯ ವೋಲ್ಟನ್ನು ಸ್ವಲ್ಪ ಬದಲಿಸಿದರೆ ಎಲೆಕ್ಟ್ರಾನಿನ ಶಕ್ತಿಯೂ ಬದಲಾಗುತ್ತದೆ. ಮಾದರಿಯನ್ನು ಗನ್ನಿಗಿಂತ ಒಂದಿಷ್ಟು ಹೆಚ್ಚು ಋಣವಾಗಿಸಿದರೆ ಎಲೆಕ್ಟ್ರಾನು ಮಾದರಿಯನ್ನು ಮುಟ್ಟದೆಯೇ ಹೊಸ್ತಿಲಿನಿಂದ ಹಿಂತಿರುಗುತ್ತದೆ. ಆಗ ಮಾದರಿ ಬರಿಯ ಕನ್ನಡಿ. ಒಂದು ಗುಂಡಿಯನ್ನು ತಿರುಗಿಸುತ್ತ ಎಲೆಕ್ಟ್ರಾನನ್ನು ಎಷ್ಟು ಮೆಲ್ಲಗೆ ಬೇಕೋ ಅಷ್ಟು ಮೆಲ್ಲಗೆ ಇಳಿಸಬಹುದು.

ಇನ್ನು ಶುದ್ಧತೆಯ ಮಾತು. ನೀರಿನ ಮೇಲೆ ಕರ್ಪೂರದ ಚೂರು ಹಾಕಿದರೆ ಅದು ತಾನಾಗಿ ಓಡಾಡುವುದನ್ನು ನೀವು ನೋಡಿರಬಹುದು. ಆದರೆ ಪಾತ್ರೆಗೆ ಒಂದಿಷ್ಟು ಎಣ್ಣೆಯ ಪಸೆ ಇದ್ದರೂ ಆಟ ನಿಲ್ಲುತ್ತದೆ. ಎಷ್ಟು ಎಣ್ಣೆ ಸಾಕು ಎಂದು 1890ರಲ್ಲಿ ಲಾರ್ಡ್ ರ್‍ಯಾಲೆ ಅಳೆದು ನೋಡಿದರು. ಎರಡು ನ್ಯಾನೋಮೀಟರಿಗೂ ಕಡಿಮೆ ದಪ್ಪದ ಪದರ ಸಾಕಾಗಿತ್ತು! ಇಷ್ಟು ತೆಳುವಾದ ಕೊಳೆಯೇ ಮೇಲ್ಮೈಯ ನಡತೆಯನ್ನು ಬದಲಿಸುತ್ತದೆ ಎಂದ ಮೇಲೆ, ಒಂದೇ ಪರಮಾಣು ಪದರವನ್ನು ನೋಡಹೊರಟವರು ಎಷ್ಟು ಎಚ್ಚರದಿಂದ ಇರಬೇಕು? ವಾಯುಮಂಡಲದ ಒತ್ತಡ 760 ಟಾರ್. ಅದನ್ನು ಟಾರಿನ ಹತ್ತು ಲಕ್ಷದ ಒಂದು ಭಾಗಕ್ಕೆ ಇಳಿಸಿದರೂ, ಬಂದು ತಾಗುವ ಅನಿಲ ಅಣುಗಳೆಲ್ಲ ಅಂಟಿಕೊಂಡರೆ ಒಂದೇ ಸೆಕೆಂಡಿನ ಸುಮಾರಿನಲ್ಲಿ ಶುದ್ಧ ಮೇಲ್ಮೈ ಪೂರ್ತಿ ಮುಚ್ಚಿಹೋಗುತ್ತದೆ. ಲೀಮ್ ಉಪಕರಣದ ಒಳಗೆ ಒತ್ತಡ ಅದಕ್ಕಿಂತ ಹತ್ತು ಸಾವಿರ ಪಟ್ಟು ಕಡಿಮೆ. ಆಗ ಒಂದು ಸೆಕೆಂಡಿನ ಬದಲು ಹತ್ತು ಸಾವಿರ ಸೆಕೆಂಡು, ಅಂದರೆ ಸುಮಾರು ಮೂರು ಗಂಟೆ ಬಿಡುವು ಸಿಗುತ್ತದೆ. ಪ್ರಯೋಗವೆಲ್ಲ ಆ ಬಿಡುವಿನಲ್ಲಿ ಮುಗಿಯಬೇಕು.

ಚಿತ್ರವನ್ನು ಓದುವುದು

ಪರದೆಯ ಮೇಲೆ ಮೂಡುವುದು ಕಪ್ಪು ಬಿಳುಪಿನ ಚಿತ್ರ. ಚಿತ್ರ ತೋರಿಸುವುದೇ ನನ್ನ ಕಸುಬಾದ್ದರಿಂದ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಚಿತ್ರ ಕಂಡರೆ ವಿಷಯ ತಿಳಿಯಿತು ಎಂದುಕೊಳ್ಳುವುದು ದೊಡ್ಡ ಭ್ರಮೆ. ಲೀಮ್ ಚಿತ್ರದಲ್ಲಿ ಬಿಳಿ ಎಂದರೆ ಎತ್ತರ, ಕಪ್ಪು ಎಂದರೆ ತಗ್ಗು ಎಂದಲ್ಲ. ಬಿಳಿಯಾಗಿ ಕಂಡ ಜಾಗವೇ ವೋಲ್ಟನ್ನು ಒಂದೆರಡು ಅಂಕ ಬದಲಿಸಿದರೆ ಕಪ್ಪಾಗಬಹುದು. ಹಾಗಾದರೆ ಅದನ್ನು ಓದುವುದು ಹೇಗೆ?

ಮೊದಲನೆಯದಾಗಿ, ಪರಮಾಣುಗಳ ಜೋಡಣೆ ಬೇರೆಯಾದರೆ ಎಲೆಕ್ಟ್ರಾನು ತರಂಗ ಮರಳಿ ಬರುವ ಪ್ರಮಾಣವೂ ಬೇರೆಯಾಗುತ್ತದೆ. ಒಂದೇ ಮೇಲ್ಮೈಯಲ್ಲಿ ಎರಡು ಬಗೆಯ ಜೋಡಣೆ ಇದ್ದರೆ ಒಂದು ಬೆಳ್ಳಗೆ, ಒಂದು ಕಪ್ಪಗೆ ಕಾಣುತ್ತದೆ.

ಎರಡನೆಯದಾಗಿ, ಹರಳಿನ ಮೇಲ್ಮೈ ಎಷ್ಟೇ ನಯವಾಗಿದ್ದರೂ ಅದರಲ್ಲಿ ಕಲ್ಯಾಣಿಯ ಸೋಪಾನದಂತೆ ಮೆಟ್ಟಿಲುಗಳಿರುತ್ತವೆ. ಸಿಲಿಕಾನಿನಲ್ಲಿ ಇಂಥ ಒಂದು ಮೆಟ್ಟಿಲಿನ ಎತ್ತರ ಕೇವಲ 0.31 ನ್ಯಾನೋಮೀಟರ್. ಮೇಲಿನ ಮೆಟ್ಟಿಲಿನಿಂದ ಮರಳಿದ ತರಂಗಕ್ಕೂ ಕೆಳಗಿನ ಮೆಟ್ಟಿಲಿನಿಂದ ಮರಳಿದ ತರಂಗಕ್ಕೂ ನಡೆದ ದೂರದಲ್ಲಿ ವ್ಯತ್ಯಾಸವಿರುತ್ತದೆ. ಅಂಚಿನಲ್ಲಿ ಅವೆರಡೂ ಕೂಡಿದಾಗ ವ್ಯತಿಕರಣವಾಗಿ ಒಂದು ಗೆರೆ ಮೂಡುತ್ತದೆ. ಅಗಲದಲ್ಲಿ ಹಲವು ನ್ಯಾನೋಮೀಟರುಗಳಷ್ಟೇ ಬಿಡಿಸಿ ನೋಡಬಲ್ಲ ಉಪಕರಣವು ಎತ್ತರದಲ್ಲಿ ಒಂದೇ ಪರಮಾಣುವಿನ ಮೆಟ್ಟಿಲನ್ನು ತೋರಿಸುವುದು ಹೀಗೆ.

ಮೂರನೆಯದಾಗಿ, ಸಾಬೂನಿನ ಗುಳ್ಳೆಯ ಬಣ್ಣಗಳನ್ನು ನೆನೆಯಿರಿ. ಗುಳ್ಳೆಯ ಪೊರೆಯ ಎರಡು ಬದಿಗಳಿಂದ ಮರಳಿದ ಬೆಳಕು ಕೂಡಿ ಆ ಬಣ್ಣಗಳಾಗುತ್ತವೆ. ಹಾಗೆಯೇ ಕೆಲವೇ ಪರಮಾಣು ದಪ್ಪದ ಪೊರೆಯ ಮೇಲ್ಬದಿ ಕೆಳಬದಿಗಳಿಂದ ಮರಳಿದ ಎಲೆಕ್ಟ್ರಾನು ತರಂಗಗಳೂ ಕೂಡುತ್ತವೆ. ಪೊರೆಯ ದಪ್ಪ ಒಂದು ಪರಮಾಣುವಿನಷ್ಟು ಬದಲಾದರೂ ಹೊಳಪು ಬದಲಾಗುತ್ತದೆ. ಗ್ರಾಫೀನ್ ಹೆಸರನ್ನು ಕೇಳಿದ್ದೀರಿ, ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. ಸಿಲಿಕಾನ್ ಕಾರ್ಬೈಡಿನ ಮೇಲೆ ಬೆಳೆದ ಗ್ರಾಫೀನಿನಲ್ಲಿ ಎಷ್ಟು ಪದರಗಳಿವೆ ಎಂದು ಲೀಮ್ ಉಪಕರಣದಲ್ಲಿ ಎಣಿಸುವ ಬಗೆಯನ್ನು 2008ರಲ್ಲಿ ಜಪಾನಿನ ಹಿರೋಕಿ ಹಿಬಿನೋ ಮತ್ತು ಸಂಗಡಿಗರು ತೋರಿಸಿದರು. ವೋಲ್ಟನ್ನು ಏರಿಸುತ್ತ ಹೋದಂತೆ ಹೊಳಪು ಎಷ್ಟು ಸಲ ತಗ್ಗುತ್ತದೆಯೋ ಅಷ್ಟು ಪದರ. ಒಂದು ಸಲ ತಗ್ಗಿದರೆ ಒಂದು, ಎರಡು ಸಲ ತಗ್ಗಿದರೆ ಎರಡು. ಬಸಳೆ ಎಲೆ ಎಣಿಸಿದಷ್ಟು ಸಲೀಸು!

ಮೇಲ್ಮೈಯ ಚಲನಚಿತ್ರ

ಲೀಮ್ ಉಪಕರಣದ ಇನ್ನೊಂದು ಗುಣ ಟೆಲಿವಿಷನ್ ಮಂದಿಗೆ ವಿಶೇಷವಾಗಿ ಮೆಚ್ಚಿಗೆಯಾಗುವಂಥದು. ಕೆಲವು ಉಪಕರಣಗಳು ಮೇಲ್ಮೈಯನ್ನು ಚುಕ್ಕಿ ಚುಕ್ಕಿಯಾಗಿ, ಗೆರೆ ಗೆರೆಯಾಗಿ ತಡವಿ ಚಿತ್ರ ಕಟ್ಟುತ್ತವೆ. ಲೀಮ್ ಹಾಗಲ್ಲ. ಕ್ಯಾಮರಾದಂತೆ ಇಡೀ ದೃಶ್ಯವನ್ನು ಒಮ್ಮೆಗೇ ಹಿಡಿಯುತ್ತದೆ. ಪರದೆಯ ಮುಂದೆ ವಿಡಿಯೋ ಕ್ಯಾಮರಾ ಇಟ್ಟರೆ ಮಾದರಿಯನ್ನು ಕಾಯಿಸುವಾಗ, ತಣಿಸುವಾಗ, ಅದರ ಮೇಲೆ ಬೇರೆ ಲೋಹವನ್ನು ಸಿಂಪಡಿಸುವಾಗ ಏನಾಗುತ್ತದೆ ಎಂಬುದನ್ನು ಆಗುತ್ತಿರುವಾಗಲೇ ಚಿತ್ರೀಕರಿಸಬಹುದು.

ಬಾವರ್ ಮತ್ತು ಟೆಲೀಪ್ಸ್ 1985ರಲ್ಲಿ ನೋಡಿದ್ದು ಸಿಲಿಕಾನನ್ನು. ಸಿಲಿಕಾನಿನ ಒಂದು ಮುಖದಲ್ಲಿ ಪರಮಾಣುಗಳು ಒಳಗಿನ ಜೋಡಣೆಯನ್ನು ಬಿಟ್ಟು, ಏಳು ಪಟ್ಟು ಉದ್ದಗಲದ ಹೊಸ ಹಸೆಯೊಂದನ್ನು ನೇಯ್ದುಕೊಳ್ಳುತ್ತವೆ. ಸುಮಾರು 850 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಆ ಹಸೆ ಅಳಿಯುತ್ತದೆ. ತಣಿಸಿದರೆ ಮತ್ತೆ ಮೂಡುತ್ತದೆ. ಇಷ್ಟು ಮೊದಲೇ ಗೊತ್ತಿತ್ತು. ಆದರೆ ಎಲ್ಲಿ ಮೊದಲು ಮೂಡುತ್ತದೆ? ಲೀಮ್ ತೋರಿಸಿತು: ಮೆಟ್ಟಿಲುಗಳ ಮೇಲಂಚಿನಲ್ಲಿ ಮೊದಲು. ಅಲ್ಲಿಂದ ಬೆಳೆದು ಬೆಳ್ಳನೆಯ ತ್ರಿಕೋನಗಳಾಗಿ ಕಪ್ಪು ಬಯಲನ್ನು ಆವರಿಸುತ್ತದೆ. ಹಸೆ ಎಲ್ಲಿ ಹುಟ್ಟಬೇಕೆಂಬುದನ್ನು ಒಂದೇ ಪರಮಾಣು ಎತ್ತರದ ಮೆಟ್ಟಿಲು ನಿರ್ಧರಿಸುತ್ತಿತ್ತು!

ಇನ್ನೊಂದು ಚಿತ್ರ ನಮ್ಮ ಕಲಾಯಿಗೆ ಹತ್ತಿರದ್ದು. 2000ನೇ ಇಸವಿಯಲ್ಲಿ ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದ ಆಂಡ್ರಿಯಾಸ್ ಷ್ಮಿಡ್, ನಾರ್ಮನ್ ಬಾರ್ಟೆಲ್ಟ್ ಮತ್ತು ರಾಬರ್ಟ್ ಹ್ವಾಂಗ್ ಶುದ್ಧ ತಾಮ್ರದ ಹರಳಿನ ಮೇಲೆ ಒಂದಿಷ್ಟು ತವರದ ಪರಮಾಣುಗಳನ್ನು ಇಳಿಸಿ ನೋಡಿದರು. ತಾಮ್ರ ಮತ್ತು ತವರ ಸೇರಿದರೆ ಕಂಚು. ನಮ್ಮ ಗಂಟೆ, ಜಾಗಟೆ, ಉತ್ಸವಮೂರ್ತಿಗಳ ಲೋಹ. ಮನುಷ್ಯ ಐದು ಸಾವಿರ ವರ್ಷಗಳಿಂದ ಕಂಚು ಮಾಡುತ್ತ ಬಂದಿದ್ದಾನೆ. ಆದರೆ ಒಂದು ತವರದ ಪರಮಾಣು ತಾಮ್ರದೊಳಗೆ ಹೇಗೆ ಸೇರುತ್ತದೆ ಎಂಬುದನ್ನು ಯಾರು ನೋಡಿದ್ದರು?

ತವರದ ಪರಮಾಣುಗಳು ಒಂದೊಂದಾಗಿ ಇದ್ದಲ್ಲೇ ಇಂಗಿಹೋಗುತ್ತವೆ ಎಂದು ಯಾರಾದರೂ ಊಹಿಸಬಹುದಿತ್ತು. ಆದದ್ದೇ ಬೇರೆ. ಸಾವಿರ ಸಾವಿರ ಪರಮಾಣುಗಳು ಒಂದೇ ಪದರದ ದ್ವೀಪಗಳಾಗಿ ಕೂಡಿ, ದ್ವೀಪಕ್ಕೆ ದ್ವೀಪವೇ ತಾಮ್ರದ ಮೇಲೆ ಓಡಾಡತೊಡಗಿತು! ದ್ವೀಪದ ಅಡಿಯಲ್ಲಿ ತವರದ ಪರಮಾಣು ಕೆಳಗಿಳಿದು ತಾಮ್ರದ ಪರಮಾಣು ಮೇಲೇಳುತ್ತದೆ. ಆ ಜಾಗ ಕಂಚಾಗುತ್ತದೆ. ಕಂಚಾದ ನೆಲ ದ್ವೀಪದ ತವರಕ್ಕೆ ಒಗ್ಗುವುದಿಲ್ಲ, ಶುದ್ಧ ತಾಮ್ರವೇ ಬೇಕು. ಅದಕ್ಕಾಗಿ ದ್ವೀಪ ಮುಂದೆ ಸರಿಯುತ್ತದೆ, ಹಿಂದೆ ಕಂಚಿನ ಜಾಡು ಬಿಡುತ್ತದೆ. ಕರಗಿ ಕರಗಿ ತಾನೇ ಮುಗಿಯುವವರೆಗೂ ಈ ಓಟ. ಕರ್ಪೂರದ ಚೂರು ನೀರಿನ ಮೇಲೆ ಓಡುವುದೂ ಹೀಗೆಯೇ ಅಲ್ಲವೇ? ತಾನು ಕರಗಿದ ನೀರನ್ನು ಬಿಟ್ಟು ತಿಳಿನೀರಿನ ಕಡೆಗೆ. ಪರಮಾಣುಗಳ ಅದಲುಬದಲನ್ನು ಬಿಡಿಬಿಡಿಯಾಗಿ ನೋಡಲು ಇದೇ ವಿಜ್ಞಾನಿಗಳು ಸೂಜಿಮೊನೆಯಿಂದ ತಡವುವ ಸುರಂಗ ಸೂಕ್ಷ್ಮದರ್ಶಕವನ್ನೂ ಬಳಸಿದರು. ದ್ವೀಪದ ಓಟ ಕಂಡದ್ದು ಲೀಮ್ ಉಪಕರಣದಲ್ಲಿ.

ಮರುವರ್ಷ, 2001ರಲ್ಲಿ, ಅದೇ ಪ್ರಯೋಗಾಲಯದಿಂದ ಮತ್ತೊಂದು ಸುದ್ದಿ ಬಂತು. ನಿಕಲ್ ಮತ್ತು ಅಲ್ಯೂಮಿನಿಯಂ ಮಿಶ್ರಲೋಹವನ್ನು ಕಾಯಿಸಿ ತಣಿಸುವಾಗ ಮೇಲ್ಮೈಯ ಮೆಟ್ಟಿಲುಗಳು ಹಿಂದೆ ಮುಂದೆ ಸರಿಯುತ್ತಿದ್ದವು. ಕಾಯಿಸಿದಾಗ ಲೋಹದ ಒಡಲಿನಲ್ಲಿ ಪರಮಾಣುಗಳಿಲ್ಲದ ಖಾಲಿ ಜಾಗಗಳು ಹೆಚ್ಚುತ್ತವೆ. ಅಲ್ಲಿಂದ ಹೊರಟ ಪರಮಾಣುಗಳು ಮೇಲೆ ಬಂದು ಮೆಟ್ಟಿಲನ್ನು ಬೆಳೆಸುತ್ತವೆ. ತಣಿದರೆ ಮತ್ತೆ ಒಳಗೆ ಹೋಗುತ್ತವೆ. ಒಡಲು ಉಸಿರಾಡಿದಂತೆ ಮೇಲ್ಮೈ ಏರಿಳಿಯುತ್ತದೆ. ಮೇಲ್ಮೈಯನ್ನಷ್ಟೇ ನೋಡಬಲ್ಲ ಎಲೆಕ್ಟ್ರಾನು ಒಡಲಿನ ಗುಟ್ಟನ್ನೂ ಹೇಳಿದ್ದು ಹೀಗೆ.

ಮಿತಿ ಮತ್ತು ಮುಂದಿನ ಹೆಜ್ಜೆ

ಯಾವ ಉಪಕರಣಕ್ಕೂ ಮಿತಿಯುಂಟು. ಲೀಮ್ ಬಿಡಿ ಪರಮಾಣುವನ್ನು ತೋರಿಸಲಾರದು. ಅದಕ್ಕೆ ಬೇರೆ ಉಪಕರಣಗಳಿವೆ. ಮಾದರಿ ಸಮತಟ್ಟಾಗಿರಬೇಕು, ವಿದ್ಯುತ್ತು ಹರಿಯುವಂತಿರಬೇಕು, ನಿರ್ವಾತವನ್ನು ತಾಳಬೇಕು. ಎಲೆಕ್ಟ್ರಾನು ಮಸೂರಗಳ ದೋಷವಂತೂ ಹುಟ್ಟಿನಿಂದ ಬಂದದ್ದು. ದುಂಡಗಿನ, ಬದಲಾಗದ ಕ್ಷೇತ್ರದ ಮಸೂರಗಳಲ್ಲಿ ಈ ದೋಷವನ್ನು ತಪ್ಪಿಸಲಾಗದೆಂದು 1936ರಲ್ಲೇ ಓಟ್ಟೋ ಷೆರ್ಜರ್ ಗಣಿತದಿಂದ ತೋರಿಸಿದ್ದರು. ಆದರೆ ದಾರಿ ಇಲ್ಲದಿರಲಿಲ್ಲ. ಮಸೂರದ ದೋಷಕ್ಕೆ ವಿರುದ್ಧವಾದ ದೋಷವನ್ನು ಎಲೆಕ್ಟ್ರಾನು ಕನ್ನಡಿಯೊಂದರಲ್ಲಿ ಹುಟ್ಟಿಸಿ, ಮುಳ್ಳಿನಿಂದ ಮುಳ್ಳು ತೆಗೆದಂತೆ ಎರಡನ್ನೂ ಕಳೆಯಬಹುದು. ಐಬಿಎಂ ಸಂಸ್ಥೆಯ ರುಡಾಲ್ಫ್ ಟ್ರಾಂಪ್ ಮತ್ತು ಸಂಗಡಿಗರು ಇಂಥ ಕನ್ನಡಿಯುಳ್ಳ ಉಪಕರಣವನ್ನು 2010ರಲ್ಲಿ ವರದಿ ಮಾಡಿದರು. ಹೀಗೆ ಬಿಡಿಸಿ ನೋಡುವ ಸಾಮರ್ಥ್ಯ ಎರಡು ನ್ಯಾನೋಮೀಟರಿನವರೆಗೆ ಬಂದಿದೆ.

ವಿದ್ಯಾರ್ಥಿ ಮಿತ್ರರೇ, ಈ ಉಪಕರಣದಲ್ಲಿ ಬಳಸಿದ ತತ್ವಗಳೆಲ್ಲ ನಿಮ್ಮ ಪಠ್ಯಪುಸ್ತಕದಲ್ಲಿಯೇ ಇವೆ. ವಿಭವಾಂತರ, ಕಾಂತಕ್ಷೇತ್ರದಲ್ಲಿ ಬಾಗುವ ವಿದ್ಯುದಂಶ, ವ್ಯತಿಕರಣ, ಡಿ ಬ್ರಾಯ್ ಸೂತ್ರ, ಇವಿಷ್ಟೇ. ಪರೀಕ್ಷೆಗೆ ಐದು ಅಂಕದ ಪ್ರಶ್ನೆಯೆಂದು ಓದಿದ್ದನ್ನೇ ಕೂಡಿಸಿ ಕೆಲವರು ತಾಮ್ರದ ಮೇಲೆ ತವರ ಓಡುವುದನ್ನು ಕಂಡರು. ಹೆಚ್ಚು ಶಕ್ತಿ, ಹೆಚ್ಚು ವೇಗ ಇದ್ದರೆ ಹೆಚ್ಚು ಕಾಣುತ್ತದೆ ಎಂದು ಸಾಮಾನ್ಯವಾಗಿ ನಾವು ತಿಳಿಯುತ್ತೇವೆ. ಕೆಲವು ವಿಷಯಗಳಲ್ಲಿ ಅದು ನಿಜವೇ. ಆದರೆ ಹೊರಮೈಯ ಆ ಒಂದು ಪದರ ಕಾಣಿಸಿಕೊಂಡದ್ದು, ಹತ್ತು ವೋಲ್ಟು ಹಿಡಿದು ಮೆಲ್ಲಗೆ ಬಂದು, ಮುಟ್ಟಿ, ಹಿಂತಿರುಗಿದ ಎಲೆಕ್ಟ್ರಾನಿಗೆ. ಏನನ್ನು ನೋಡಬೇಕೆಂಬುದನ್ನು ಮೊದಲು ಗೊತ್ತು ಮಾಡಿಕೊಂಡು, ಅದಕ್ಕೆ ತಕ್ಕಷ್ಟೇ ಶಕ್ತಿಯನ್ನು ಬಳಸುವುದು ವಿಜ್ಞಾನದ ಒಂದು ದೊಡ್ಡ ವಿವೇಕ.

ಒಂದು ಚಿಕ್ಕ ಕೆಲಸ ನಿಮಗೆ. ಈ ವಾರ ಒಂದು ಬಟ್ಟಲನ್ನು ಸೀಗೆಪುಡಿಯಿಂದ ಚೆನ್ನಾಗಿ ತಿಕ್ಕಿ, ಪಸೆ ಹೋಗುವಂತೆ ಹಲವು ಸಲ ತೊಳೆದು, ಶುದ್ಧ ನೀರು ತುಂಬಿ, ಸಾಸಿವೆ ಗಾತ್ರದ ಕರ್ಪೂರವನ್ನು ಚಿಮಟದಿಂದ ಹಾಕಿ ನೋಡಿ. ಆಮೇಲೆ ಎಣ್ಣೆ ಮುಟ್ಟಿದ ಕಡ್ಡಿಯ ತುದಿಯನ್ನು ನೀರಿಗೆ ತಾಗಿಸಿ ನೋಡಿ. ಆಟ ನಿಂತ ಆ ಗಳಿಗೆಯಲ್ಲಿ, ಕಣ್ಣಿಗೆ ಕಾಣದ ಒಂದು ಪದರ ಏನೆಲ್ಲ ಮಾಡಬಲ್ಲದು ಎಂಬುದು ನಿಮಗೇ ಅರಿವಾಗುತ್ತದೆ. ಕಂಡದ್ದನ್ನು ದಿನಾಂಕ ಹಾಕಿ ಬರೆದಿಡಿ.